ಬೆನ್ನು ನೆಟ್ಟಗಾತು, ಅತ್ತಿ ಬಗ್ಗಿದ್ಲು

ಖಾನಾಪುರದಲ್ಲಿ ನಮ್ಮ ಅತ್ತಿ ಮನೆಯ ಪಡಸಾಲೆಗೆ ಕಾಲಿಟ್ಟರೆ ಎದುರಿಗೇ ಒಂದು ಮದುವೆ ಫೋಟೋ. 1991ರದ್ದು. ಮಾವ ನಾಚಿಕೊಂಡು ಸ್ವಲ್ಪ ಬಗ್ಗಿ ನಿಂತಿದ್ದಾರೆ. ಅತ್ತಿ ಮಾತ್ರ ಕಂಬ ನೆಟ್ಟ ಹಾಗೆ ನೆಟ್ಟಗೆ. ಸಣ್ಣವರಿದ್ದಾಗ ನಾವು ಸಾಲಿಯಲ್ಲಿ 'ನಮ್ಮ ಅತ್ತಿ ಡುಬ್ಬದಾಗ ಕಬ್ಬಿಣ ಐತಿ' ಅಂತ ಜಂಬ ಕೊಚ್ಚಿಕೊಳ್ತಿದ್ದೆವು. ಸುಳ್ಳಲ್ಲ. ಆಕೆಯ ಬೆನ್ನೊಳಗೆ ಉದ್ದನೆಯ ಸ್ಟೀಲ್ ರಾಡ್ ಒಂದು ನಿಜಕ್ಕೂ ಇತ್ತು.

ಅದೇ ಅತ್ತಿ ಐವತ್ತರ ಹೊತ್ತಿಗೆ ಮುಂದಕ್ಕೆ ಬಾಗತೊಡಗಿದಳು. ಮೊದಮೊದಲು ಸಂಜೆ ಮಾತ್ರ, ದಣಿದಾಗ. ಆಮೇಲೆ ಬೆಳಿಗ್ಗೆಯಿಂದಲೇ. ನೇರ ನೋಡಬೇಕೆಂದರೆ ಮೊಣಕಾಲು ಮಡಚಿ, ಕುತ್ತಿಗೆ ಎತ್ತಬೇಕು. ರೇಲ್ವೆ ಸ್ಟೇಷನ್ನಿನಿಂದ ಮನೆತನಕ ನಡೆಯುವಷ್ಟರಲ್ಲಿ ಮೂರು ಕಡೆ ಕೂರುತ್ತಿದ್ದಳು. ಒಂದು ದೀಪಾವಳಿಗೆ ನಾನು ಬೆಂಗಳೂರಿನಿಂದ ಹೋದಾಗ ಅಂದಳು, "ಅಲ್ಲೋ ತಮ್ಮಾ, ನೆಟ್ಟಗ ನಿಂದ್ರಬೇಕಂತ ಆಪರೇಷನ್ ಮಾಡಿಸ್ಕೊಂಡಾಕಿ ನಾ. ಈಗ ನೋಡು, ನೆಲಾ ನೋಡ್ಕೋತ ಅಡ್ಡಾಡಾಕತ್ತೀನಿ. ಇದೆಂಥಾ ನ್ಯಾಯ?"

ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನಾನು ನೂರು ವರ್ಷದ ಇತಿಹಾಸದೊಳಗೆ ಬಿದ್ದೆ.

ಮೊದಲು ಅತ್ತಿಯ ಕತೆ. ಅವಳಿಗೆ ಹದಿಮೂರು ತುಂಬಿದಾಗ ಬೆಳಗಾವಿ ಖಡೇಬಜಾರಿನ ಟೇಲರ್ ಒಬ್ಬರು ಕುಪ್ಪಸದ ಅಳತೆ ತಗೊಳ್ಳುವಾಗ, 'ಹುಡುಗಿದು ಒಂದು ಹೆಗಲು ಮ್ಯಾಲ ಐತಲ್ರಿ' ಅಂದರಂತೆ. ಜಗತ್ತಿನ ಎಷ್ಟೋ ಊರುಗಳಲ್ಲಿ ಈ ಕಾಯಿಲೆಯನ್ನು ಮೊದಲು ಕಂಡುಹಿಡಿಯುವವರು ಟೇಲರ್‌ಗಳೇ ಅಥವಾ ಜಡೆ ಹೆಣೆಯುವ ಅಮ್ಮಂದಿರೇ. ಕಾಯಿಲೆಯ ಹೆಸರು ಸ್ಕೋಲಿಯೋಸಿಸ್. ಬೆನ್ನುಮೂಳೆ ಪಕ್ಕಕ್ಕೆ ಬಾಗಿ, ಜೊತೆಗೆ ಬಳ್ಳಿಯಂತೆ ತಿರುಚಿಕೊಳ್ಳುವುದು. ಬೆಳೆಯುವ ಹುಡುಗಿಯರಲ್ಲಿ ಹೆಚ್ಚು. ಬಹಳಷ್ಟು ಸಲ ಕಾರಣ ಗೊತ್ತಾಗೋದೇ ಇಲ್ಲ.

ಬೆಳಗಾವಿಯಲ್ಲಿ ಆಗಲೇ ದೊಡ್ಡ ಡಾಕ್ಟರುಗಳಿದ್ದರು. ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಶುರುವಾಗಿದ್ದು 1963ರಲ್ಲಿ. ಅದಕ್ಕೂ ಹಿಂದಿನ ತಲೆಮಾರಿನವರು ಕಠಿಣ ಕಾಯಿಲೆ ಅಂದ್ರೆ ಮೀರಜ್‌ನ ವಾನ್ಲೆಸ್ ಮಿಷನ್ ಆಸ್ಪತ್ರೆಗೆ ಗಾಡಿ ಹತ್ತುತ್ತಿದ್ದರು. ಆದರೆ ಬೆನ್ನಿಗೆ ರಾಡ್ ಹಾಕುವ ಮಾತು ಬಂದಾಗ ಡಾಕ್ಟರು ಮುಂಬೈಗೆ ಬರೆದುಕೊಟ್ಟರು. 1983ರಲ್ಲಿ ಅಜ್ಜ ಮಗಳನ್ನು ಕರಕೊಂಡು ಹೊರಟರು. ಆಗ ನಮ್ಮ ಕಡೆಯದು ಇನ್ನೂ ಮೀಟರ್ ಗೇಜ್. ಮೀರಜ್‌ನಲ್ಲಿ ಇಳಿದು, ಟ್ರಂಕು ಹೊತ್ತು, ದೊಡ್ಡ ಹಳಿಯ ಗಾಡಿಗೆ ಬದಲಾಗಬೇಕು. ವಾಪಸ್ ಬರುವಾಗ ಅತ್ತಿಯ ಮೈಗೆ ಕತ್ತಿನಿಂದ ಸೊಂಟದವರೆಗೆ ಪ್ಲಾಸ್ಟರ್. ಆರು ತಿಂಗಳು ಅದರೊಳಗೇ ಬದುಕು. ಬೇಸಿಗೆಯಲ್ಲಿ ತುರಿಕೆ ಬಂದರೆ ಹೆಣಿಗೆ ಕಡ್ಡಿ ತೂರಿಸಿ ಕೆರೆದುಕೊಳ್ತಿದ್ದಳಂತೆ. ಪ್ಲಾಸ್ಟರ್ ಬಿಚ್ಚಿದ ದಿನ ಊರವರೆಲ್ಲ ನೋಡಲು ಬಂದರು. ಬೆನ್ನು ನೆಟ್ಟಗಾಗಿತ್ತು.

ಬಾಗಿದ ಬೆನ್ನು ನೆಟ್ಟಗಾಗುವ ಕತೆ ನಮಗೆ ಹೊಸದಲ್ಲ. ಭಾಗವತದ ಕುಬ್ಜೆ ಗೊತ್ತಲ್ಲ? ಮಥುರೆಯಲ್ಲಿ ಕಂಸನಿಗೆ ಗಂಧ ತೇಯುವವಳು. ಮೂರು ಕಡೆ ಡೊಂಕಾಗಿದ್ದರಿಂದ ಅವಳಿಗೆ ತ್ರಿವಕ್ರೆ ಅಂತಲೂ ಹೆಸರು. ಕೃಷ್ಣ ಅವಳ ಪಾದಗಳನ್ನು ತನ್ನ ಕಾಲಿನಿಂದ ಒತ್ತಿಹಿಡಿದು, ಗದ್ದದ ಕೆಳಗೆ ಎರಡು ಬೆರಳಿಟ್ಟು ಮೇಲಕ್ಕೆತ್ತಿದ. ಅಷ್ಟೇ, ನೆಟ್ಟಗಾದಳು. ಎರಡು ತುದಿ ಹಿಡಿದು ಜಗ್ಗಿದರೆ ಡೊಂಕು ಹೋಗುತ್ತೆ ಅನ್ನೋ ಈ ಉಪಾಯ ಎಲ್ಲ ಕಡೆಯೂ ಇತ್ತು. ಗ್ರೀಸಿನಲ್ಲಿ ಹಿಪೊಕ್ರೆಟಿಸ್‌ನ ಕಾಲದಲ್ಲಿ ರೋಗಿಯನ್ನು ಹಲಗೆಗೆ ಕಟ್ಟಿ ಎರಡೂ ಕಡೆಯಿಂದ ಎಳೆಯುತ್ತಿದ್ದರು. ತೊಂದರೆ ಏನೆಂದರೆ, ಎಳೆಯೋದು ಬಿಟ್ಟ ಕೂಡಲೇ ಬೆನ್ನು ಮತ್ತೆ ತನ್ನ ಜಾಗಕ್ಕೆ ಹೋಗುತ್ತೆ.

ಹೋಗದ ಹಾಗೆ ಬೆಸೆದುಬಿಟ್ಟರೆ? 1911ರಲ್ಲಿ ನ್ಯೂಯಾರ್ಕಿನ ರಸೆಲ್ ಹಿಬ್ಸ್ ಅದನ್ನೇ ಮಾಡಿದರು. ಬೆನ್ನುಮೂಳೆಯ ಮಣಿಗಳ ಹಿಂಭಾಗವನ್ನು ಕೆತ್ತಿ, ಮೂಳೆಯ ಚೂರುಗಳನ್ನು ಒಂದರ ಮೇಲೊಂದು ಹೊಂದಿಸಿ, ಹಲವು ಮಣಿಗಳು ಕೂಡಿ ಒಂದೇ ಮೂಳೆಯಾಗುವಂತೆ ಮಾಡಿದರು. ಅದೇ ವರ್ಷ ಅದೇ ಊರಿನ ಫ್ರೆಡ್ ಆಲ್ಬಿ ಮೊಣಕಾಲ ಕೆಳಗಿನ ಮೂಳೆಯ ಪಟ್ಟಿ ತೆಗೆದು ಬೆನ್ನಿಗೆ ಕೂರಿಸಿದರು. ಇಬ್ಬರ ರೋಗಿಗಳೂ ಬೆನ್ನಿನ ಕ್ಷಯದವರು. ಸ್ಕೋಲಿಯೋಸಿಸ್‌ಗೆ ಹಿಬ್ಸ್ ಇದನ್ನು ಬಳಸಿದ್ದು 1914ರಲ್ಲಿ. ಫ್ಯೂಷನ್ ಹುಟ್ಟಿದ್ದು ಹೀಗೆ.

ಅದೇ 1911ರಲ್ಲಿ ಬಾಸ್ಟನ್‌ನಲ್ಲಿ ಅರ್ನೆಸ್ಟ್ ಕಾಡ್ಮನ್ ಅನ್ನೋ ಇನ್ನೊಬ್ಬ ಸರ್ಜನ್ ಸ್ವಂತ ಆಸ್ಪತ್ರೆ ತೆಗೆದರು. ಅವರ ಹುಚ್ಚು ಒಂದೇ. ಆಪರೇಷನ್ ಆದ ಪ್ರತಿ ರೋಗಿಯನ್ನೂ ವರ್ಷಗಟ್ಟಲೆ ಹಿಂಬಾಲಿಸಬೇಕು, ಕೊನೆಗೆ ಏನಾಯ್ತು ಅಂತ ಬರೆದಿಡಬೇಕು, ತಪ್ಪಾಗಿದ್ರೆ ತಪ್ಪು ಅಂತ ಪ್ರಕಟಿಸಬೇಕು. ಅವರೇ ತಮ್ಮ 337 ರೋಗಿಗಳ ಲೆಕ್ಕ ಕೊಟ್ಟು 123 ತಪ್ಪುಗಳನ್ನು ಪಟ್ಟಿ ಮಾಡಿದರು. ಸಹೋದ್ಯೋಗಿಗಳಿಗೆ ಇದು ಹಿಡಿಸಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಆದರೆ ಆ ಹುಚ್ಚು ಉಳಿದುಕೊಂಡಿತು. ನನ್ನ ಪ್ರಕಾರ ಬೆನ್ನಿನ ಸರ್ಜರಿಯ ಇತಿಹಾಸವೆಂದರೆ ಆಪರೇಷನ್‌ಗಳ ಇತಿಹಾಸಕ್ಕಿಂತ ಹೆಚ್ಚಾಗಿ, 'ಕೊನೆಗೆ ಏನಾಯ್ತು' ಅಂತ ಯಾರು ಏನನ್ನು ಕೇಳಿದರು ಅನ್ನೋದರ ಇತಿಹಾಸ.

ಮೊದಲ ಪ್ರಶ್ನೆ ಸರಳವಾಗಿತ್ತು: ಮೂಳೆ ಕೂಡಿತಾ? 1941ರಲ್ಲಿ ಅಮೆರಿಕನ್ ಆರ್ಥೋಪೆಡಿಕ್ ಅಸೋಸಿಯೇಷನ್ನಿನ ಸಮಿತಿಯೊಂದು ಸ್ಕೋಲಿಯೋಸಿಸ್‌ನ 425 ರೋಗಿಗಳ ಲೆಕ್ಕ ತೆಗೆಯಿತು. ಫ್ಯೂಷನ್ ಆದವರಲ್ಲಿ ಸುಮಾರು ಕಾಲು ಭಾಗದ ಜನರಲ್ಲಿ ಮೂಳೆ ಕೂಡಿರಲೇ ಇಲ್ಲ. ಹತ್ತರಲ್ಲಿ ಏಳು ಜನರ ಫಲಿತಾಂಶ ಒಂದೋ ಕಳಪೆ, ಇಲ್ಲವೇ ಅಷ್ಟಕ್ಕಷ್ಟೇ. ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಿಸಿದ ಮೇಲೂ ಹೀಗೆ.

ಇದಾದ ಮೇಲೆ ಬಂದವರು ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್. ಎರಡನೇ ಮಹಾಯುದ್ಧದ ನಂತರ ಟೆಕ್ಸಾಸ್‌ನಲ್ಲಿ ಪೋಲಿಯೋ ಹಾವಳಿ. ಸ್ನಾಯುಗಳು ಸತ್ತು ಬೆನ್ನು ಕುಸಿಯುತ್ತಿದ್ದ ಮಕ್ಕಳು. ಉಸಿರಾಟವೇ ಕಷ್ಟ, ಅಂಥವರಿಗೆ ಪ್ಲಾಸ್ಟರ್ ಹಾಕೋದಾದರೂ ಹೇಗೆ? ಹ್ಯಾರಿಂಗ್ಟನ್ ಒಂದು ಸ್ಟೀಲ್ ರಾಡ್ ಮಾಡಿದರು. ಮೇಲೊಂದು ಕೊಕ್ಕೆ, ಕೆಳಗೊಂದು ಕೊಕ್ಕೆ, ರಾಡಿನ ಒಂದು ತುದಿಗೆ ಹಲ್ಲುಹಲ್ಲಾದ ಗೀರುಗಳು. ಕಾರಿನ ಟಯರ್ ಬದಲಿಸುವಾಗ ಜಾಕ್ ಏರಿಸ್ತೀವಲ್ಲ, ಹಾಗೆಯೇ ಒಂದೊಂದೇ ಹಲ್ಲು ಏರಿಸುತ್ತಾ ಬೆನ್ನನ್ನು ಉದ್ದಕ್ಕೆ ಜಗ್ಗುವುದು. ಕೃಷ್ಣ ಮಾಡಿದ್ದೇ, ಆದರೆ ಒಳಗಿನಿಂದ. ಮೊದಮೊದಲು ಬರೀ ರಾಡ್ ಹಾಕಿ ನೋಡಿದರು. ರಾಡ್‌ಗಳು ಮುರಿದವು, ಕೊಕ್ಕೆ ಕಳಚಿದವು. ಆಮೇಲೆ ರಾಡಿನ ಜೊತೆ ಹಿಬ್ಸ್ ತೋರಿಸಿದ್ದ ಫ್ಯೂಷನ್ ಸೇರಿಸಿದರು. ರಾಡ್ ಮುರಿಯುವ ಮೊದಲು ಮೂಳೆ ಕೂಡಬೇಕು, ಇದೊಂದು ರೇಸು. 1962ರಲ್ಲಿ 129 ರೋಗಿಗಳ ವರದಿ ಪ್ರಕಟವಾಯಿತು. ಮುಂದಿನ ಎರಡು ದಶಕ ಜಗತ್ತಿನ ತುಂಬ ಹ್ಯಾರಿಂಗ್ಟನ್ ರಾಡ್. ನಮ್ಮ ಅತ್ತಿಯ ಬೆನ್ನಲ್ಲಿದ್ದದ್ದು ಅದೇ.

ಪ್ರಶ್ನೆಯೂ ಬದಲಾಗಿತ್ತು: ಎಷ್ಟು ಡಿಗ್ರಿ ನೆಟ್ಟಗಾಯ್ತು? ಎದುರಿನಿಂದ ತೆಗೆದ ಎಕ್ಸ್‌ರೇ ಮೇಲೆ ಗೆರೆ ಎಳೆದು ಕೋನ ಅಳೆದರೆ ಉತ್ತರ ಸಿಗುತ್ತಿತ್ತು. ಆದರೆ ಪಕ್ಕದಿಂದ ತೆಗೆದ ಎಕ್ಸ್‌ರೇಯನ್ನು ಅಷ್ಟು ಗಮನ ಕೊಟ್ಟು ನೋಡಿದವರು ಕಡಿಮೆ.

ನೀವೇ ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತು ನೋಡಿ. ಕುತ್ತಿಗೆ ಒಳಕ್ಕೆ, ಬೆನ್ನಿನ ಮೇಲ್ಭಾಗ ಹೊರಕ್ಕೆ, ಸೊಂಟ ಮತ್ತೆ ಒಳಕ್ಕೆ. ಎದುರಿನಿಂದ ಬೆನ್ನು ನೇರವಿರಬೇಕು, ಪಕ್ಕದಿಂದ ನೋಡಿದರೆ ನಾವೆಲ್ಲ ತ್ರಿವಕ್ರರೇ. ಆ ಮೂರು ಡೊಂಕು ಇರೋದರಿಂದಲೇ ತಲೆ ಸೊಂಟದ ನೇರಕ್ಕೆ ಬಂದು, ಹೆಚ್ಚು ಶ್ರಮವಿಲ್ಲದೆ ನಿಲ್ತೀವಿ. ಹ್ಯಾರಿಂಗ್ಟನ್ ರಾಡು ಪಕ್ಕದ ಡೊಂಕನ್ನು ಜಗ್ಗಿ ತೆಗೆಯುವಾಗ ಸೊಂಟದ ಈ ಬೇಕಾದ ಡೊಂಕನ್ನೂ ಜಗ್ಗಿ ಚಪ್ಪಟೆ ಮಾಡಿತು. ಬೆಸುಗೆ ಕೆಳಗಿಳಿದಷ್ಟೂ ಹಾನಿ ಜಾಸ್ತಿ. ವಯಸ್ಸು ಸಣ್ಣದಿದ್ದಾಗ ಬೆಸುಗೆಯ ಕೆಳಗೆ ಉಳಿದ ಒಂದೆರಡು ಡಿಸ್ಕುಗಳು ಬಾಗಿ, ಬಳುಕಿ ಹೇಗೋ ಸಂಭಾಳಿಸುತ್ತವೆ. ಇಡೀ ಬೆನ್ನಿನ ಕೆಲಸ ಆ ಎರಡರ ಮೇಲೆ. ಇಪ್ಪತ್ತು ಮೂವತ್ತು ವರ್ಷಕ್ಕೆ ಅವೂ ಸವೆಯುತ್ತವೆ. ಮೇಲ್ಭಾಗ ಒಂದೇ ಕಂಬದಂತೆ ಮುಂದಕ್ಕೆ ವಾಲುತ್ತೆ. ಮೊಣಕಾಲು ಮಡಚಿ ಸರಿದೂಗಿಸಬೇಕು, ಅದಕ್ಕೇ ಸಂಜೆಗೆ ತೊಡೆ ನೋವು.

ಇದಕ್ಕೆ ಡಾಕ್ಟರುಗಳು ಇಟ್ಟ ಹೆಸರು ಫ್ಲಾಟ್‌ಬ್ಯಾಕ್, ಚಪ್ಪಟೆ ಬೆನ್ನು. 1973ರಲ್ಲೇ ಡೊಹರ್ಟಿ ಎಂಬ ಸರ್ಜನ್ ಇದನ್ನು ಗುರುತಿಸಿದ್ದರು. ಅತ್ತಿಯ ಆಪರೇಷನ್ನಿಗಿಂತ ಹತ್ತು ವರ್ಷ ಮೊದಲು! ಇದನ್ನು ಓದಿದಾಗ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಆಗಿನ ಕೈಯಲ್ಲಿದ್ದ ಉಪಕರಣವೇ ಅದು. ಸೊಂಟದ ಬಾಗು ಉಳಿಸಿಕೊಂಡು, ಬೆನ್ನನ್ನು ಹಲವು ಕಡೆ ಹಿಡಿದು ತಿರುಗಿಸಿ ಸರಿಮಾಡುವ ವಿಧಾನವನ್ನು ಫ್ರಾನ್ಸಿನ ಕೊಟ್ರೆಲ್ ಮತ್ತು ಡ್ಯುಬುಸೆ ಬಳಕೆಗೆ ತಂದದ್ದು 1980ರ ದಶಕದ ನಡುವೆ. ಅತ್ತಿಗೆ ಒಂದೆರಡು ವರ್ಷ ತಪ್ಪಿತು.

ಈಗ ನಿಜವಾದ ಪ್ರಶ್ನೆ. ಆಗಲೇ ಕೂಡಿಹೋದ ಮೂಳೆಯನ್ನು ಮತ್ತೆ ಸರಿ ಮಾಡೋದು ಹೇಗೆ? ಕತ್ತರಿಸಬೇಕು. ರಿವಿಜನ್ ಸರ್ಜರಿ ಅನ್ನೋದು ಇದೇ. ಬೆಸುಗೆಯ ಹಿಂಭಾಗದಿಂದ ಮೂಳೆಯ ಒಂದು ತುಂಡು ತೆಗೆದು ಸಂದಿ ಮುಚ್ಚಿದರೆ ಒಂದು ಹಂತಕ್ಕೆ ಸುಮಾರು 10 ಡಿಗ್ರಿ ಬಾಗು ಸಿಗುತ್ತೆ. ಇದನ್ನು 1945ರಲ್ಲಿ ಸ್ಮಿತ್-ಪೀಟರ್ಸನ್ ಬೇರೊಂದು ಕಾಯಿಲೆಗಾಗಿ ವಿವರಿಸಿದ್ದರು. ಇನ್ನೂ ದೊಡ್ಡದು ಬೇಕಾದರೆ ಒಂದು ಮಣಿಯನ್ನೇ ಕಲ್ಲಂಗಡಿ ಹೋಳಿನ ಆಕಾರದಲ್ಲಿ ಕೊರೆದು ತೆಗೆದು ಮುಚ್ಚುವುದು. ಒಂದೇ ಕಡೆ ಸುಮಾರು 30 ಡಿಗ್ರಿ. ಇದೆಲ್ಲ ನಡೆಯೋದು ನರಗಳ ಸುತ್ತ, ಹಳೇ ಗಾಯದ ಗಂಟುಗಳ ನಡುವೆ. ಎಂಟು ಹತ್ತು ತಾಸಿನ ಕೆಲಸ, ಲೀಟರ್‌ಗಟ್ಟಲೆ ರಕ್ತ ಹೋಗಬಹುದು.

ಫಲಿತಾಂಶ? 1988ರಲ್ಲಿ ಮಿನೆಸೋಟಾದ ಸರ್ಜನ್‌ಗಳು ಚಪ್ಪಟೆ ಬೆನ್ನಿನ ರಿವಿಜನ್ ಆದ 55 ಜನರ ವರದಿ ಪ್ರಕಟಿಸಿದರು. ಆಪರೇಷನ್‌ಗೆ ಮೊದಲು ನೂರಕ್ಕೆ 95 ಜನ ನೆಟ್ಟಗೆ ನಿಲ್ಲಲಾರದವರು. ಸರಾಸರಿ ಆರು ವರ್ಷದ ನಂತರವೂ ಸುಮಾರು ಅರ್ಧ ಜನ ಮುಂದಕ್ಕೆ ವಾಲುತ್ತಲೇ ಇದ್ದರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ನೋವು ಉಳಿದಿತ್ತು. 60 ಶೇಕಡಾ ಜನರಿಗೆ ಏನಾದರೊಂದು ತೊಡಕು. ತಮ್ಮದೇ ಕೆಲಸದ ಬಗ್ಗೆ ಹೀಗೆ ಬರೆಯೋಕೆ ಧೈರ್ಯ ಬೇಕು. ಕಾಡ್ಮನ್ ಇದ್ದಿದ್ದರೆ ಮೆಚ್ಚುತ್ತಿದ್ದರು. ಆ ಲೇಖಕರಲ್ಲಿ ಜಾನ್ ಮೋ ಕೂಡ ಒಬ್ಬರು, ಹ್ಯಾರಿಂಗ್ಟನ್ ರಾಡಿನ ಜೊತೆ ಒಳ್ಳೆಯ ಫ್ಯೂಷನ್ ಇರಲೇಬೇಕು ಅಂತ ಸಾರಿದವರಲ್ಲಿ ಮುಂಚೂಣಿಯವರು.

2005ರ ಹೊತ್ತಿಗೆ ಅಮೆರಿಕದ ಇನ್ನೊಂದು ತಂಡ ಬೆನ್ನು ಡೊಂಕಾದ 752 ವಯಸ್ಕರನ್ನು ನೋಡಿತು. ಅವರಲ್ಲಿ 352 ಜನ ಮುಂದಕ್ಕೆ ವಾಲಿದವರು. ವಾಲಿಕೆ ಹೆಚ್ಚಾದಷ್ಟೂ ನೋವು, ಕಷ್ಟ ಹೆಚ್ಚು ಅನ್ನೋದು ಖಚಿತವಾಯಿತು. ಪಕ್ಕದ ಎಕ್ಸ್‌ರೇ ಕೊನೆಗೂ ಮುಖ್ಯವಾಯಿತು. ಈಗ ಪ್ರಶ್ನೆ: ತಲೆ ಸೊಂಟದ ಮೇಲೆ ಬಂತಾ?

ಇತ್ತೀಚಿನ ಲೆಕ್ಕಗಳನ್ನೂ ಹೇಳಿಬಿಡ್ತೀನಿ, ಯಾಕಂದ್ರೆ ಮನೆಯಲ್ಲಿ ರಾತ್ರಿಯೆಲ್ಲ ಚರ್ಚೆಯಾಗಿದ್ದು ಇವುಗಳ ಮೇಲೆಯೇ. ವಯಸ್ಕರ ಬೆನ್ನಿನ ಡೊಂಕಿಗೆ ಸರ್ಜರಿಯಾದ 291 ಜನರನ್ನು ಕನಿಷ್ಠ ಎರಡು ವರ್ಷ ಹಿಂಬಾಲಿಸಿದ ಅಮೆರಿಕದ ಅಧ್ಯಯನವೊಂದು 2016ರಲ್ಲಿ ಬಂತು. ಮೊದಲ ಸಲದವರೂ ಇದ್ದರು, ರಿವಿಜನ್‌ನವರೂ ಇದ್ದರು. ಹತ್ತರಲ್ಲಿ ಏಳು ಜನರಿಗೆ ಒಂದಾದರೂ ತೊಡಕು, ನೂರಕ್ಕೆ 28 ಜನರಿಗೆ ಮತ್ತೊಂದು ಆಪರೇಷನ್. ಅತಿ ಕಠಿಣ ಕೇಸುಗಳ 272 ಜನರ ಇನ್ನೊಂದು ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಆಸ್ಪತ್ರೆಯಿಂದ ಹೊರಡುವಾಗ ನೂರಕ್ಕೆ 22 ಜನರ ಕಾಲಿನ ಶಕ್ತಿ ಮೊದಲಿಗಿಂತ ಕುಗ್ಗಿತ್ತು. ಆರು ತಿಂಗಳಿಗೆ ಅದು ನೂರಕ್ಕೆ 11ಕ್ಕೆ ಇಳಿಯಿತು.

ಇದನ್ನು ಓದಿದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತೆ. ಆದರೆ ಇನ್ನೊಂದು ಮಗ್ಗುಲೂ ಇದೆ. ಸರ್ಜರಿ ಮಾಡಿಸಿಕೊಂಡವರನ್ನು ಮಾಡಿಸಿಕೊಳ್ಳದವರ ಜೊತೆ ಹೋಲಿಸಿದ ಅಧ್ಯಯನಗಳಲ್ಲಿ, ಇಷ್ಟೆಲ್ಲ ತೊಡಕು ಅನುಭವಿಸಿದ ಮೇಲೂ ಮೊದಲ ಗುಂಪಿನವರ ನೋವು, ಓಡಾಟ ಎರಡು ವರ್ಷದಲ್ಲಿ ಸ್ಪಷ್ಟವಾಗಿ ಸುಧಾರಿಸಿತ್ತು. ಎರಡನೇ ಗುಂಪಿನವರು ಸರಾಸರಿ ಹಾಗೇ ಇದ್ದರು. ಅಂದ್ರೆ ತೊಡಕಾಯ್ತು ಅಂದ ಮಾತ್ರಕ್ಕೆ ಆಪರೇಷನ್ ಸೋತಿತು ಅಂತಲ್ಲ. ಎಕ್ಸ್‌ರೇ ಚೆನ್ನಾಗಿದೆ ಅಂದ ಮಾತ್ರಕ್ಕೆ ಗೆದ್ದಿತು ಅಂತಲೂ ಅಲ್ಲ.

ಬೆಳಗಾವಿಯಲ್ಲಿ ಅತ್ತಿಗೆ ತಲೆಯಿಂದ ತೊಡೆತನಕ ಉದ್ದನೆಯ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಅದನ್ನು ಪಕ್ಕಕ್ಕೆ ತಿರುಗಿಸಿಟ್ಟು, ಒಂದು ನೇರ ಗೆರೆ ಎಳೆದು ತೋರಿಸಿದರು. ಒಂದು ಅಂಗೈಯಷ್ಟು ಮುಂದೆ ಹೋಗಿತ್ತು. ಅತ್ತಿ ಒಂದೇ ಮಾತು ಕೇಳಿದಳು: "ಮಾಡಿಸದಿದ್ರ ಏನಾಗತೈತ್ರಿ?" ಡಾಕ್ಟರು ಪ್ರಾಮಾಣಿಕರು. "ಸಾಯೂದಿಲ್ಲ. ಆದ್ರ ನಡಿಯೂದು ಕಮ್ಮಿ ಆಕ್ಕೋತ ಹೋಗತೈತಿ." ಆಕೆ ಮೂರು ತಿಂಗಳು ತಗೊಂಡು ಹೂಂ ಅಂದಳು. 2022ರಲ್ಲಿ ದೊಡ್ಡ ಊರೊಂದರಲ್ಲಿ ಆಪರೇಷನ್ ಆಯ್ತು. ಹಳೇ ರಾಡ್ ಕತ್ತರಿಸಿ ತೆಗೆದರು, ಸೊಂಟದಲ್ಲಿ ಒಂದು ಮಣಿ ಕೊರೆದರು, ಹೊಸ ಎರಡು ರಾಡುಗಳನ್ನು ಸೊಂಟದ ದೊಡ್ಡ ಮೂಳೆಯವರೆಗೂ ಇಳಿಸಿ ಸ್ಕ್ರೂ ಹಾಕಿದರು. ಎದ್ದಾಗ ಎಡಪಾದ ಎತ್ತೋಕೆ ಬರಲಿಲ್ಲ. ನಾವು ಆಸ್ಪತ್ರೆಯ ಕಾರಿಡಾರಿನಲ್ಲಿ ಆ ನೂರಕ್ಕೆ 22ರ ಲೆಕ್ಕ ನೆನೆಸಿಕೊಂಡು ಒಬ್ಬರ ಮುಖ ಒಬ್ಬರು ನೋಡದೆ ನಿಂತೆವು. ನಾಲ್ಕು ತಿಂಗಳಿಗೆ ಪಾದ ಮರಳಿತು. ಪೂರ್ತಿ ಅಲ್ಲ, ಆದರೂ ಚಪ್ಪಲಿ ಜಾರದಷ್ಟು.

ಒಂದು ವರ್ಷದ ಮೇಲೆ ಫಾಲೋಅಪ್‌ಗೆ ಹೋದಾಗ ಫಾರ್ಮ್ ಒಂದನ್ನು ಕೊಟ್ಟರು. 1980ರಲ್ಲಿ ಇಂಗ್ಲೆಂಡಿನ ಆಸ್ವೆಸ್ಟ್ರಿ ಎಂಬ ಊರಿನ ಆಸ್ಪತ್ರೆಯಲ್ಲಿ ಹುಟ್ಟಿದ ಪ್ರಶ್ನಾವಳಿ, ಇಡೀ ಜಗತ್ತು ಬಳಸೋದು. ನೋವು ಎಷ್ಟು, ಎಷ್ಟು ದೂರ ನಡೀತೀರಿ, ಎಷ್ಟು ಹೊತ್ತು ನಿಲ್ತೀರಿ, ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರ್ತೀರಿ, ನಿದ್ದೆ ಹೇಗೆ, ಪ್ರಯಾಣ ಹೇಗೆ. ನಾನು ಓದಿ ಹೇಳಿದೆ, ಅತ್ತಿ ಉತ್ತರ ಕೊಟ್ಟಳು. ಹಿಂದಿನದಕ್ಕೆ ಹೋಲಿಸಿದರೆ ಮಾರ್ಕ್ಸ್ ತುಂಬಾ ಚೆನ್ನಾಗಿ ಬಂತು. ಮುಗಿದ ಮೇಲೆ ಆಕೆ, "ಇಷ್ಟ ಏನು? ನೆಲದ ಮ್ಯಾಲ ಕುಂದರೂದು ಕೇಳಲೇ ಇಲ್ಲಲ್ಲ?" ಅಂದಳು.

ನಾನು ಫಾರ್ಮ್ ಮತ್ತೆ ತಿರುವಿ ನೋಡಿದೆ. ನಿಜ, ಕುರ್ಚಿ ಇತ್ತು, ನೆಲ ಇರಲಿಲ್ಲ.

ಬೆನ್ನನ್ನು ಸೊಂಟದ ಮೂಳೆಯವರೆಗೆ ಬೆಸೆದರೆ ಕೊನೆಯ ಬಳುಕೂ ಹೋಗುತ್ತೆ. ಅತ್ತಿ ಈಗ ಕೆಳಗೆ ಕೂತು ಉಣ್ಣಲಾರಳು. ರೊಟ್ಟಿ ಬಡಿಯಲಾರಳು, ಕಟ್ಟೆ ಮೇಲೆ ನಿಂತೇ ತಟ್ಟುತ್ತಾಳೆ. ಹಳ್ಳಿಯ ನೆಂಟರ ಮನೆಗೆ ಹೋಗೋಕೆ ಹಿಂಜರಿಕೆ, ಅಲ್ಲಿ ಎಲ್ಲ ಕಡೆ ಕಮೋಡ್ ಇರಲ್ಲ. ಪೂಜೆಗೆ ಸ್ಟೂಲು. ಕಾಲುಂಗುರ ಸರಿಮಾಡಿಕೊಳ್ಳಲು ಮೊಮ್ಮಗಳು ಬೇಕು. ಹೊರದೇಶಗಳಲ್ಲೂ ಈ ಬಿಗಿತವನ್ನು ಅಳೆಯಲು ಶುರುಮಾಡಿದ್ದಾರೆ: ಸಾಕ್ಸ್ ಹಾಕೋಕೆ ಆಗುತ್ತಾ, ಬಗ್ಗಿ ಏನಾದರೂ ಎತ್ತೋಕೆ ಆಗುತ್ತಾ ಅಂತ. ಆದರೆ ನೆಲದ ಮೇಲೆ ಬದುಕುವ ನಮ್ಮಂಥವರಿಗೆ ಈ ಪ್ರಶ್ನೆಯ ತೂಕವೇ ಬೇರೆ.

ಮೂಳೆ ಕೂಡಿತಾ, ಎಷ್ಟು ಡಿಗ್ರಿ, ತಲೆ ನೇರಕ್ಕೆ ಬಂತಾ, ನೋವು ಎಷ್ಟು. ನೂರು ವರ್ಷದಲ್ಲಿ ಪ್ರಶ್ನೆಗಳು ಒಂದೊಂದೇ ಹೆಜ್ಜೆ ಎಕ್ಸ್‌ರೇಯಿಂದ ಮನುಷ್ಯರ ಕಡೆಗೆ ಬಂದಿವೆ. ಪ್ರತಿ ಸಲವೂ ಹಿಂದಿನ ಪ್ರಶ್ನೆಗೆ ಪೂರ್ತಿ ಮಾರ್ಕ್ಸ್ ತಗೊಂಡವರೇ ಹೊಸ ಪ್ರಶ್ನೆಯನ್ನು ಹುಟ್ಟುಹಾಕಿದ್ದು. 1983ರ ಅತ್ತಿ ಆಗಿನ ಪರೀಕ್ಷೆಯಲ್ಲಿ ಪಾಸ್. 2023ರ ಅತ್ತಿಯೂ ಪಾಸ್. ಹಾಗಾಗಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ನಿರ್ಧಾರ ಎದುರಾದರೆ, 'ಸಕ್ಸಸ್ ರೇಟ್ ಎಷ್ಟು ಡಾಕ್ಟ್ರೇ' ಅಂತ ಕೇಳೋ ಮೊದಲು ಅವರ ಜೊತೆ ಕೂತು ಒಂದು ಪಟ್ಟಿ ಮಾಡಿ. ದಿನಾ ಏನೇನು ಮಾಡ್ತಾರೆ, ಅದರಲ್ಲಿ ಯಾವುದು ಬಿಟ್ಟರೆ ನಡೀತದೆ, ಯಾವುದು ಬಿಟ್ಟರೆ ಜೀವ ಹೋದಂಗೆ. ಆ ಪಟ್ಟಿ ಹಿಡಿದು ಒಂದೊಂದೇ ಕೇಳಿ. ನಾವು ಕೇಳಲಿಲ್ಲ. ಲೆಕ್ಕಗಳನ್ನೆಲ್ಲ ಓದಿದ್ದ ನಾನೂ ಕೇಳಲಿಲ್ಲ.

ಕಳೆದ ಸಲ ಹೋದಾಗ ಅತ್ತಿಯ ಜೊತೆ ಮಲಪ್ರಭೆಯ ದಂಡೆತನಕ ನಡೆದೆ. ಎಲ್ಲೂ ಕೂರಲಿಲ್ಲ. ಎದುರಿಗೆ ಬಂದವರನ್ನೆಲ್ಲ ಮುಖ ನೋಡಿ, ಒಬ್ಬರ ಜೊತೆ ಕನ್ನಡ ಇನ್ನೊಬ್ಬರ ಜೊತೆ ಮರಾಠಿ ಮಾತಾಡುತ್ತ ಬಂದಳು. ನದಿಗೆ ಇಳಿಯುವ ಮೆಟ್ಟಿಲ ಹತ್ತಿರ ನಿಂತಳು. ಮೊದಲೆಲ್ಲ ಅಲ್ಲಿ ಕೂತು ಕಾಲು ನೀರಿಗಿಡುತ್ತಿದ್ದಳು.

"ಮತ್ತ ಕೇಳಿದ್ರ ಮಾಡಿಸ್ಕೋತಿದ್ದೇನು ಅತ್ತಿ?" ಅಂದೆ.

ಸ್ವಲ್ಪ ಹೊತ್ತು ಆಚೆ ದಂಡೆ ನೋಡಿದಳು. "ಮಾಡಿಸ್ಕೋತಿದ್ದೆ. ಆದ್ರ ಹೋಗೂಕಿಂತ ಮೊದ್ಲ ಒಂದ್ಸಲ ಇಲ್ಲಿ ಬಂದು ಕುಂತು ಹೋಗ್ತಿದ್ದೆ."